ಡ್ಯಾಶ್‌ಬೋರ್ಡಿಗೆ ಗರಗಸ ಹಚ್ಚುವ ಮೊದಲು

ಮಗನೇ,

ನೀನು ಕಳಿಸಿದ ಫೋಟೊ ನೋಡಿದೆ. ಗ್ಲೋವ್ ಬಾಕ್ಸಿನ ಮೇಲ್ಗಡೆ, ಎಡಗಡೆ ಸೀಟಿಗೆ ಎದುರಾಗಿ, ಪೆನ್ಸಿಲಿನಲ್ಲಿ ಒಂದು ಚೌಕ ಎಳೆದಿದ್ದೀಯ. ಅಷ್ಟನ್ನು ಕೊಯ್ದು ತೆಗೆದು, ಒಳಗೊಂದು ಡಬ್ಬಿ ಕೂರಿಸಿ, ಮೇಲೆ ಮುಚ್ಚಳ ಹಾಕಿದರೆ ಫೋನು, ಕನ್ನಡಕ, ಅಮ್ಮನ ಔಷಧಿ ಎಲ್ಲಕ್ಕೂ ಒಂದು ಜಾಗ ಆಗುತ್ತದೆ ಅನ್ನುವುದು ನಿನ್ನ ಲೆಕ್ಕ. ಅಂಗಡಿಯಲ್ಲಿ ಸಿಗುವ ಅಗ್ಗದ ಟ್ರೇ ತಂದು ಅಂಟಿಸಿಬಿಡದೆ ಕೈಯಾರೆ ಮಾಡಿಕೊಳ್ಳಬೇಕು ಅಂತ ಹೊರಟಿದ್ದೀಯಲ್ಲ, ಅದು ನನಗೆ ತುಂಬ ಹಿಡಿಸಿತು. ಮಾಡು. ಆದರೆ ಆ ಚೌಕವನ್ನು ಇವತ್ತೇ ಒರೆಸಿಬಿಡು. ಅಲ್ಲಿ ಮಾತ್ರ ಕೈ ಹಚ್ಚಬೇಡ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಾನು ಸೀಟು, ರೆಕ್ಸಿನ್ನು, ಡ್ಯಾಶಿನ ಕೆಲಸ ಕಲಿತ ಕಾಲಕ್ಕೂ ಇವತ್ತಿಗೂ ಕಾರಿನ ಒಳಮೈ ಪೂರ್ತಿ ಬದಲಾಗಿದೆ. ಅಂಬಾಸಿಡರಿನ ಡ್ಯಾಶಿನ ಕೆಳಗೆ ಕೈ ತೂರಿಸಿದರೆ ಒಂದಷ್ಟು ವೈರು, ಸ್ಪೀಡೋಮೀಟರಿನ ಕೇಬಲ್ಲು ಸಿಗುತ್ತಿತ್ತು, ಮಿಕ್ಕಿದ್ದೆಲ್ಲ ಬಯಲು. ಟ್ಯಾಕ್ಸಿಯವರು ಬಂದು ಟ್ರಿಪ್ ಶೀಟು, ಪರ್ಮಿಟ್ಟು, ಬೀಡಿಕಟ್ಟು ಇಡೋದಕ್ಕೆ ಒಂದು ಅರೆ ಮಾಡಿಕೊಡಿ ಅನ್ನುತ್ತಿದ್ದರು. ಪ್ಲೈವುಡ್ಡು ಕೊಯ್ದು, ರೆಕ್ಸಿನ್ ಸುತ್ತಿ, ಅಂಚಿಗೆ ಬೀಡಿಂಗ್ ಹೊಡೆದು, ಎರಡು ಪಟ್ಟಿ ಹಾಕಿ ತಗುಲಿಸಿದರೆ ಕೆಲಸ ಮುಗಿಯಿತು. 1983ರ ಕೊನೆಗೆ ಮಾರುತಿ 800 ಬಂತು. ಆಮೇಲೂ ಎಷ್ಟೋ ವರ್ಷ ಹೀಗೇ ನಡೆಯಿತು. ಆ ಎರಡು ಗಾಡಿಗಳ ತಯಾರಿಕೆಯೂ 2014ರಲ್ಲಿ ನಿಂತಿತು. ಅವುಗಳ ಮೇಲೆ ಕೈ ಪಳಗಿಸಿಕೊಂಡ ಮೇಸ್ತ್ರಿಗಳು ಮಾತ್ರ ಇನ್ನೂ ಇದ್ದಾರೆ. ಅವರನ್ನು ಕೇಳಿದರೆ "ಕೊಯ್ಯಿರಿ ಸಾರ್, ಹಿಂದೆ ಖಾಲಿ ಇರುತ್ತೆ" ಅನ್ನುತ್ತಾರೆ. ಈಗಿನ ಗಾಡಿಯಲ್ಲಿ ಹಿಂದೆ ಖಾಲಿ ಇರುವುದಿಲ್ಲ. ಖಾಲಿಯಂತೆ ಕಾಣುವ ಜಾಗಕ್ಕೂ ಒಂದು ಕೆಲಸ ಒಪ್ಪಿಸಿರುತ್ತಾರೆ. ನಾನು ನಿನಗೆ ಹೇಳಬೇಕಾದದ್ದು ಇದೇ, ಮಿಕ್ಕಿದ್ದೆಲ್ಲ ಇದರಿಂದ ಹೊರಡುವ ವಿವರ.

ನೀನು ಗೀಚಿರುವ ಚೌಕದ ಹಿಂದೆ ಏನಿರುತ್ತದೆ ನೋಡು. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಎಡಗಡೆ, ಗ್ಲೋವ್ ಬಾಕ್ಸಿನ ಹಿಂದೆ ಸಾಮಾನ್ಯವಾಗಿ ಏಸಿಯ ಬ್ಲೋವರ್ ಇರುತ್ತದೆ. ಅದರ ಪಕ್ಕದಲ್ಲಿ ಗಾಳಿ ತಂಪು ಮಾಡುವ ಕಾಯಿಲ್ಲು. ಎಷ್ಟೋ ಗಾಡಿಗಳಲ್ಲಿ ಒಳಗಿನ ಗಾಳಿಯ ಫಿಲ್ಟರ್ ಬದಲಿಸುವುದಕ್ಕೂ ಗ್ಲೋವ್ ಬಾಕ್ಸನ್ನೇ ಬಿಚ್ಚಬೇಕು. ಅಲ್ಲಿಂದ ಮುಂದಿನ ಗಾಜಿನ ಬುಡಕ್ಕೆ ಗಾಳಿ ಒಯ್ಯುವ ಕೊಳವೆ ಮೇಲ್ಗಡೆ ಹಾದುಹೋಗುತ್ತದೆ. ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿಯೋ ಶಿರಾಡಿಯೋ ಇಳಿಯುವಾಗ ಗಾಜಿನ ಮೇಲೆ ಆವಿ ಕಟ್ಟಿ ಎದುರಿನ ಲಾರಿ ಕಾಣದಂತಾದಾಗ ನಿನ್ನ ಕೈ ಹಿಡಿಯುವುದು ಆ ಕೊಳವೆಯೇ. ಅದರ ಒಂದು ಮೂಲೆ ಕೊಯ್ದುಹೋದರೆ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ, ಮಳೆಗಾಲದಲ್ಲಿ ಘಾಟಿಯ ನಡುವೆ ಗೊತ್ತಾಗುತ್ತದೆ. ಇನ್ನು ಒಂದು ಬಾಗಿಲಿನ ಕಂಬದಿಂದ ಇನ್ನೊಂದು ಬಾಗಿಲಿನ ಕಂಬದವರೆಗೆ ಅಡ್ಡಲಾಗಿ ಕಬ್ಬಿಣದ ತೊಲೆಯೊಂದು ಹೋಗಿರುತ್ತದೆ. ಸ್ಟಿಯರಿಂಗು, ಡ್ಯಾಶು ಎಲ್ಲ ನಿಂತಿರುವುದು ಅದರ ಮೇಲೆ. ವೈರಿನ ದಪ್ಪ ಕಟ್ಟು ಅದಕ್ಕೇ ಅಂಟಿಕೊಂಡು ಓಡುತ್ತದೆ.

ಏರ್‌ಬ್ಯಾಗಿನ ವಿಷಯ ಬೇರೆಯಾಗಿಯೇ ಹೇಳಬೇಕು. ನಮ್ಮ ದೇಶದಲ್ಲಿ ಚಾಲಕನ ಏರ್‌ಬ್ಯಾಗು 2019ರ ಜುಲೈ 1ರಿಂದ ಕಡ್ಡಾಯವಾಯಿತು. ಪಕ್ಕದ ಸೀಟಿನದು ಹೊಸ ಮಾದರಿಗಳಿಗೆ 2021ರ ಏಪ್ರಿಲ್‌ನಿಂದ, ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2022ರ ಜನವರಿಯಿಂದ. ನಿನ್ನದು ಸೆಕೆಂಡ್ ಹ್ಯಾಂಡ್ ವ್ಯಾಗನ್‌ಆರ್, ಅದಕ್ಕೂ ಹಳೆಯದು. ಇರಬಹುದು, ಇಲ್ಲದೆಯೂ ಇರಬಹುದು. ಡ್ಯಾಶಿನ ಮೇಲೆ ಎಡಗಡೆ "ಎಸ್‌ಆರ್‌ಎಸ್ ಏರ್‌ಬ್ಯಾಗ್" ಎಂಬ ಅಚ್ಚು ಇದೆಯೇ ನೋಡು. ಕೀ ತಿರುಗಿಸಿದಾಗ ಮೀಟರಿನಲ್ಲಿ ಏರ್‌ಬ್ಯಾಗಿನ ಕೆಂಪು ದೀಪ ಒಂದು ಕ್ಷಣ ಹತ್ತಿ ಆರುತ್ತದೆಯೇ ನೋಡು. ಇದ್ದರೆ, ಆ ಅಚ್ಚಿರುವ ಮುಚ್ಚಳದ ಮೇಲೆ, ಸುತ್ತ, ಕೆಳಗೆ ಯಾವುದನ್ನೂ ಕೊಯ್ಯಬೇಡ, ಅಂಟಿಸಬೇಡ, ಸ್ಕ್ರೂ ಹಾಕಬೇಡ. ಪಕ್ಕದ ಸೀಟಿನ ಚೀಲ ಮೇಲಕ್ಕೆ ಚಿಮ್ಮಿ, ಗಾಜಿಗೆ ಒರಗಿ, ಆಮೇಲೆ ಮನುಷ್ಯನ ಕಡೆ ತಿರುಗುತ್ತದೆ. ಇಷ್ಟೂ ಆಗುವುದು ಕಣ್ಣು ಮಿಟುಕಿಸುವುದರೊಳಗೆ. ಅದರ ದಾರಿಯಲ್ಲಿ ನೀನಿಟ್ಟ ಡಬ್ಬಿ ಇದ್ದರೆ ಆ ಡಬ್ಬಿಯನ್ನು ಚೀಲವೇ ಎತ್ತಿ ನಿಮ್ಮಮ್ಮನ ಮುಖಕ್ಕೆ ಹೊಡೆಯುತ್ತದೆ. ಎಡಗಡೆ ಸೀಟಿನಲ್ಲಿ ಕೂರುವವರು ಅವರೇ ತಾನೆ. ಗಣಪತಿ ವಿಗ್ರಹ, ಊದುಬತ್ತಿ ಸ್ಟ್ಯಾಂಡು, ಸೆಂಟು ಬಾಟಲಿ, ಇವುಗಳಿಗೂ ಇದೇ ಮಾತು. ದೇವರನ್ನು ನಡುವಿನಲ್ಲಿ, ಚೀಲದ ದಾರಿ ಬಿಟ್ಟು, ಚಿಕ್ಕದಾಗಿ, ಮೆತ್ತನೆಯ ಚಿತ್ರಪಟವಾಗಿ ಇಟ್ಟುಕೋ.

ಏರ್‌ಬ್ಯಾಗ್ ಇಲ್ಲ ಅಂತಾದರೆ ಕೊಯ್ಯಬಹುದೇ ಅಂತ ಕೇಳುತ್ತೀಯ. ಆಗಲಂತೂ ಇನ್ನೂ ಬೇಡ. ಚೀಲ ಇಲ್ಲದ ಗಾಡಿಯಲ್ಲಿ ತಲೆ, ಎದೆ, ಮೊಣಕಾಲು ನೇರವಾಗಿ ಹೋಗಿ ತಾಗುವುದು ಡ್ಯಾಶಿಗೇ. ಅದು ಬಾಗಿ, ಕುಗ್ಗಿ, ಪೆಟ್ಟನ್ನು ತಾನು ನುಂಗಬೇಕು ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ಕಾರಿನ ಒಳಗಿನ ಸಾಮಾನುಗಳಿಗೆ ವಿಶ್ವಸಂಸ್ಥೆಯ 21ನೇ ನಿಯಮಾವಳಿ ಅಂತ ಒಂದಿದೆ. ತಲೆ ತಾಗಬಹುದಾದ ಜಾಗದ ಅಂಚು ಕನಿಷ್ಠ 2.5 ಮಿಲಿಮೀಟರಿನಷ್ಟಾದರೂ ದುಂಡಾಗಿರಬೇಕು ಅನ್ನುತ್ತದೆ ಅದು. ಬ್ಲೇಡಿನಿಂದ ಕೊಯ್ದ ಪ್ಲಾಸ್ಟಿಕ್ಕಿನ ಅಂಚನ್ನು ಒಂದು ಸಲ ಬೆರಳಿಂದ ಸವರಿ ನೋಡು, ನಾನು ಯಾಕೆ ಹೀಗೆ ಒತ್ತಿ ಹೇಳುತ್ತಿದ್ದೇನೆ ಅಂತ ಅರ್ಥವಾಗುತ್ತದೆ.

ಹಾಗಾದರೆ ಎಲ್ಲಿ ಮಾಡಬೇಕು? ನಮ್ಮ ಹಳೇ ಮನೆಯ ಗೋಡೆಯಲ್ಲಿ ದೀಪ ಇಡುವ ಗೂಡು ನೋಡಿದ್ದೀಯಲ್ಲ, ಅದನ್ನು ಗೋಡೆ ಎಬ್ಬಿಸುವಾಗಲೇ ಬಿಟ್ಟದ್ದು. ಎದ್ದ ಗೋಡೆಗೆ ಉಳಿ ಹಚ್ಚಿ ತೋಡಿದ್ದಲ್ಲ. ಗಾಡಿ ಮಾಡಿದವನೂ ಅಂಥ ಗೂಡುಗಳನ್ನು ಬಿಟ್ಟಿರುತ್ತಾನೆ. ಎಲ್ಲಕ್ಕಿಂತ ಒಳ್ಳೆಯದು ನಡುವಿನ ಸ್ಟೀರಿಯೊ ಬಾಯಿ. ನಿನ್ನ ಗಾಡಿಯಲ್ಲಿ ಹಿಂದಿನ ಮಾಲೀಕ ಸ್ಟೀರಿಯೊ ಕಿತ್ತುಕೊಂಡು ಹೋಗಿದ್ದಾನೆ, ನೀನು ಹಾಡು ಕೇಳುವುದು ಫೋನಿನಲ್ಲಿ. ಆ ಬಾಯಿ ಹಾಗೇ ತೆರೆದು ಬಿದ್ದಿದೆ. ನಿನ್ನ ಡಬ್ಬಿಯ ಜಾಗ ಅದು.

ಆ ಬಾಯಿಗೆ ಒಂದು ಲೆಕ್ಕವಿದೆ. ಕಾರ್ ರೇಡಿಯೊದ ಅಳತೆಯನ್ನು ಜರ್ಮನಿಯ ಮಾನಕ ಸಂಸ್ಥೆ ಗೊತ್ತು ಮಾಡಿತು, ಆಮೇಲೆ ಐಎಸ್‌ಒ 7736 ಎಂಬ ಹೆಸರಲ್ಲಿ ಜಗತ್ತೆಲ್ಲ ಒಪ್ಪಿಕೊಂಡಿತು. ಅಂಗಡಿಯವರು ಸಿಂಗಲ್ ಡಿನ್ ಅನ್ನುವುದು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಡಬಲ್ ಡಿನ್ ಅಂದರೆ ಅಗಲ ಅಷ್ಟೇ, ಎತ್ತರ ಸುಮಾರು 100. ಆಳ ಮಾತ್ರ ಗಾಡಿಯಿಂದ ಗಾಡಿಗೆ ಬೇರೆ. ಸಿಂಗಲ್ ಡಿನ್ ಬಾಯಿಗೆ 3 ಮಿಲಿಮೀಟರ್ ಗೋಡೆಯ ಡಬ್ಬಿ ಮಾಡಿದರೆ ಒಳಗೆ 174ಕ್ಕೆ 44 ಸಿಗುತ್ತದೆ. ಈಗಿನ ದೊಡ್ಡ ಫೋನು ಅಡ್ಡಡ್ಡ ಮಲಗುವುದಕ್ಕೆ ಅಷ್ಟು ಸಾಕು, ಅದರ ಮೇಲೆ ಕನ್ನಡಕದ ತೆಳ್ಳನೆಯ ಚೀಲಕ್ಕೂ ಜಾಗ ಉಳಿಯುತ್ತದೆ. ಆಳವನ್ನು 120 ಮಿಲಿಮೀಟರಿಗೆ ನಿಲ್ಲಿಸು. ಹಿಂದೆ ಇನ್ನೂ ಜಾಗ ಇದೆಯಲ್ಲ ಅಂತ ಆಸೆಪಟ್ಟು ಉದ್ದ ಮಾಡಿದರೆ ಸಾಮಾನು ಒಳಕ್ಕೆ ಸರಿದುಹೋಗಿ, ಅದನ್ನು ಹುಡುಕುತ್ತ ನೀನು ರಸ್ತೆ ಬಿಟ್ಟು ಒಳಗೆ ಇಣುಕುತ್ತೀಯ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಕಣ್ಣು ಆಚೆ ಹೋದರೆ ಗಾಡಿ 33 ಮೀಟರ್ ಮುಂದಕ್ಕೆ ಹೋಗಿರುತ್ತದೆ. ಡಬ್ಬಿ ಚೆನ್ನಾಗಿದೆ ಅನ್ನುವುದಕ್ಕೆ ನನ್ನ ಪರೀಕ್ಷೆ ಒಂದೇ. ಬೆನ್ನು ಸೀಟಿಗೆ ಅಂಟಿದ್ದ ಹಾಗೇ, ಕಣ್ಣು ಎದುರಿಗೆ ಇದ್ದ ಹಾಗೇ, ಕೈಗೆ ಬೇಕಾದ ವಸ್ತು ಸಿಗಬೇಕು. ಸಿಗದಿದ್ದರೆ ಅದು ಎಷ್ಟೇ ಅಂದವಾಗಿರಲಿ, ಕೆಟ್ಟ ಡಬ್ಬಿ.

ಏನಿಡಬೇಕು ಅನ್ನುವುದನ್ನೂ ಮಾಡುವ ಮೊದಲೇ ತೀರ್ಮಾನಿಸು. ಒಂದು ವಾರ ಓಡಾಡುವಾಗ ಪಕ್ಕದ ಸೀಟಿನ ಮೇಲೆ ಏನೇನು ಬಿದ್ದಿರುತ್ತದೆ, ಯಾವುದನ್ನು ತಡಕಾಡುತ್ತೀಯ, ಗಮನಿಸಿ ಬರೆದಿಡು. ಟೋಲಿಗೆ ಚಿಲ್ಲರೆ ಇಡುವ ಗುಳಿ ಬೇಕು ಅಂದಿದ್ದೀಯ. 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿದೆ, ಚಿಲ್ಲರೆಗೆ ಅಷ್ಟು ದೊಡ್ಡ ಗುಳಿ ಬೇಕಿಲ್ಲ. ಆರ್‌ಸಿ, ಲೈಸೆನ್ಸು, ಇನ್ಶೂರೆನ್ಸ್ ಪತ್ರಗಳನ್ನು ಡಿಜಿಲಾಕರಿನಲ್ಲಿ ತೋರಿಸಿದರೂ ಪೊಲೀಸರು ಒಪ್ಪಬೇಕು ಅಂತ 2018ರಲ್ಲೇ ಸರ್ಕಾರ ಹೇಳಿದೆ. ಕಾಗದದ ಪ್ರತಿ ಗ್ಲೋವ್ ಬಾಕ್ಸಿನಲ್ಲಿದ್ದರೆ ಸಾಕು, ಕೈಯಳತೆಯ ಜಾಗ ಅದಕ್ಕೆ ಕೊಡಬೇಡ. ಕೈಯಳತೆಯಲ್ಲಿ ಇರಲೇಬೇಕಾದ್ದು ಇನ್ನೊಂದಿದೆ: ಗಾಜು ಒಡೆಯುವ, ಸೀಟ್ ಬೆಲ್ಟ್ ಕೊಯ್ಯುವ ಚಿಕ್ಕ ಸುತ್ತಿಗೆ. ಅದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡವರೇ ಹೆಚ್ಚು.

ಅಮ್ಮನ ಇನ್ಸುಲಿನ್ನನ್ನು ಮಾತ್ರ ಡ್ಯಾಶಿನ ಹತ್ತಿರಕ್ಕೂ ತರಬೇಡ. ನೀನಿರುವುದು ಬಳ್ಳಾರಿಯಲ್ಲಿ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಬೇಸಿಗೆಯ ಬಿಸಿಲಿನಲ್ಲಿ ಒಂದೇ ಗಂಟೆ ನಿಲ್ಲಿಸಿದ ಕಾರುಗಳ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ ಮುಟ್ಟಿತ್ತು. ಏಪ್ರಿಲ್ಲಿನಲ್ಲಿ ನಿಮ್ಮೂರಿನ ಬಿಸಿಲು ಅದಕ್ಕಿಂತ ಮೃದುವೇನಲ್ಲ. ಔಷಧಿ, ಪವರ್ ಬ್ಯಾಂಕು, ಲೈಟರು, ಸ್ಪ್ರೇ ಡಬ್ಬಿ ಇವು ಯಾವುವೂ ನಿಲ್ಲಿಸಿಟ್ಟ ಗಾಡಿಯ ಡ್ಯಾಶಿನಲ್ಲಿ ಉಳಿಯಬಾರದು. ಅಮ್ಮನ ಔಷಧಿಗೆ ತಣ್ಣಗಿಡುವ ಚಿಕ್ಕ ಚೀಲ ಸಿಗುತ್ತದೆ. ಅದು ಅವರ ಕೈಚೀಲದಲ್ಲೇ ಇರಲಿ, ಅವರು ಇಳಿದಾಗ ಅವರ ಜೊತೆಯಲ್ಲೇ ಇಳಿಯಲಿ.

ಭಾರದ ಸಾಮಾನೂ ಬೇಡ. 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಗಾಡಿ ಗೋಡೆಗೆ ಗುದ್ದಿ ನಿಂತರೆ ಒಳಗಿನ ಸಡಿಲ ವಸ್ತು ತನ್ನ ತೂಕದ ಮೂವತ್ತು ಪಟ್ಟಿಗೂ ಹೆಚ್ಚಿನ ಬಲದಲ್ಲಿ ನುಗ್ಗುತ್ತದೆ. ಒಂದು ಕೇಜಿಯ ಸ್ಟೀಲ್ ನೀರಿನ ಬಾಟಲಿ ಮೂವತ್ತು ಕೇಜಿ ಆಗುತ್ತದೆ. ಅದೇ ಬಾಟಲಿ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಗೋಡೆಯೂ ಬೇಕಿಲ್ಲ. ಸ್ಟಿಯರಿಂಗಿನ ಕೆಳಗಡೆ, ಪೆಡಲಿನ ಮೇಲೆ ಯಾವ ಅರೆಯನ್ನೂ ಕಟ್ಟಬೇಡ ಅನ್ನುವುದು ಇದಕ್ಕೇ. ಬಾಟಲಿಗೆ ಬಾಗಿಲಿನ ಜೇಬಿದೆ. ವ್ಯಾಗನ್‌ಆರ್‌ನಲ್ಲಿ ಎಡಗಡೆ ಸೀಟಿನ ಕೆಳಗೆ ಎಳೆದು ತೆಗೆಯುವ ಟ್ರೇ ಕೊಟ್ಟಿರುತ್ತಾರೆ, ನಿನ್ನದರಲ್ಲೂ ಇದ್ದರೆ ಮೊದಲು ಅದನ್ನು ತೊಳೆದು ಬಳಸು. ಚಪ್ಪಲಿ, ಒರೆಸುವ ಬಟ್ಟೆ, ಟಾರ್ಚು, ಗಾಳಿ ಹೊಡೆಯುವ ಪಂಪು, ಭಾರದ್ದೆಲ್ಲ ಅಲ್ಲಿಗೆ ಹೋಗಲಿ. ನನ್ನನ್ನು ಕೇಳಿದರೆ ಅಷ್ಟು ಯೋಚನೆಯ ಜಾಗ ಬೇರೆ ಚಿಕ್ಕ ಗಾಡಿಗಳಲ್ಲಿ ನಾನು ಕಂಡಿಲ್ಲ.

ಈಗ ಕೆಲಸಕ್ಕೆ ಬರೋಣ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚು. ಏರ್‌ಬ್ಯಾಗ್ ಇರುವ ಗಾಡಿಯಾದರೆ ಬಿಚ್ಚಿದ ತಕ್ಷಣ ಕೈ ಹಾಕಬಾರದು. ಬ್ಯಾಟರಿ ಕಡಿದುಹೋದರೂ ಚೀಲ ಬಿಚ್ಚುವಷ್ಟು ವಿದ್ಯುತ್ತನ್ನು ಏರ್‌ಬ್ಯಾಗಿನ ಯಂತ್ರ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರುತ್ತದೆ. ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿ. ಹಳದಿ ಕವಚದ ವೈರು, ಹಳದಿ ಕನೆಕ್ಟರು ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಬಿಚ್ಚುವುದಿರಲಿ, ಎಳೆಯಲೂಬೇಡ. ಪ್ಯಾನೆಲ್ ಬಿಚ್ಚುವಾಗ ಸ್ಕ್ರೂ ಡ್ರೈವರಿನಿಂದ ಮೀಟಬೇಡ, ಅಂಚು ಗಾಯವಾಗುತ್ತದೆ, ಕ್ಲಿಪ್ಪು ಮುರಿಯುತ್ತದೆ. ಪ್ಲಾಸ್ಟಿಕ್ಕಿನ ಮೀಟುಗೋಲು ಜೆ.ಸಿ. ರಸ್ತೆಯಲ್ಲಿ ಕಾಸಿಗೆ ಸಿಗುತ್ತದೆ. ಬಿಚ್ಚುವ ಒಂದೊಂದು ಹೆಜ್ಜೆಯ ಫೋಟೊ ತೆಗೆದುಕೋ. ಸ್ಕ್ರೂಗಳನ್ನೆಲ್ಲ ಒಂದೇ ಬಟ್ಟಲಿಗೆ ಸುರಿಯದೆ, ಎಲ್ಲಿಂದ ಬಂತು ಅಂತ ಬರೆದು, ಕಾಗದಕ್ಕೆ ಟೇಪಿನಿಂದ ಅಂಟಿಸು. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ತುದಿ ಹಿಂದಿನ ವೈರನ್ನು ಚುಚ್ಚುತ್ತದೆ. ಆ ದಿನ ಏನೂ ಕಾಣುವುದಿಲ್ಲ. ಗಾಡಿ ರಸ್ತೆಗುಂಡಿ ಹಾರಿ ಹಾರಿ ವೈರಿನ ಸಿಪ್ಪೆ ಸವೆದ ಮೇಲೆ ಒಂದು ದಿನ ಫ್ಯೂಸ್ ಹೋಗುತ್ತದೆ, ಕಾರಣ ಹುಡುಕುವುದಕ್ಕೆ ಇಡೀ ಡ್ಯಾಶು ಕೆಳಗಿಳಿಯುತ್ತದೆ.

ಡಬ್ಬಿಯನ್ನು ಮೊದಲು ರಟ್ಟಿನಲ್ಲಿ ಮಾಡು. ಇದನ್ನು ಹುಡುಗರು ಬಿಟ್ಟುಬಿಡುತ್ತಾರೆ, ನೀನು ಬಿಡಬೇಡ. ಶೂ ಡಬ್ಬಿಯ ರಟ್ಟು ಸಾಕು. ಐದು ತುಂಡು ಕೊಯ್ದು, ಮಾಸ್ಕಿಂಗ್ ಟೇಪಿನಿಂದ ಕೂಡಿಸಿ, ಬಾಯೊಳಗೆ ತೂರಿಸು. ಹಿಂದೆ ಎಲ್ಲೋ ತಾಗಿ ನಿಲ್ಲುತ್ತದೆ. ಮೊಬೈಲ್ ಟಾರ್ಚು ಹಾಕಿ ನೋಡು, ಕೊಳವೆಯ ಬಾಗು ಅಡ್ಡ ಬಂದಿರುತ್ತದೆ, ಇಲ್ಲವೇ ವೈರಿನ ಕಟ್ಟು. ಕೊಳವೆಯನ್ನು ದಬ್ಬಬೇಡ, ರಟ್ಟಿನ ಮೂಲೆಯನ್ನು ಕತ್ತರಿಸು. ಮತ್ತೆ ತೂರಿಸು. ಸರಿಯಾಗಿ ಕೂತ ಮೇಲೆ ಗೇರನ್ನು ಒಂದಕ್ಕೆ, ಮೂರಕ್ಕೆ, ಐದಕ್ಕೆ ಹಾಕಿ ನೋಡು, ಮೂರೂ ಮುಂದಕ್ಕೆ ಬರುವ ಗೇರು. ನಿನ್ನ ಬೆರಳಿನ ಗೆಣ್ಣು ಡಬ್ಬಿಯ ತುಟಿಗೆ ತಾಗಬಾರದು. ಏಸಿಯ ಗುಬಟ ಪೂರ್ತಿ ತಿರುಗಬೇಕು. ನಾಲ್ಕೂ ದೀಪ ಮಿಣುಕಿಸುವ ತ್ರಿಕೋನದ ಗುಂಡಿ ಕಣ್ಣಿಗೂ ಕೈಗೂ ಸಿಗಬೇಕು. ಆ ರಟ್ಟಿನ ಡಬ್ಬಿಯನ್ನು ಕೆಲವು ದಿನ ಹಾಗೇ ಗಾಡಿಯಲ್ಲಿ ಬಿಟ್ಟು ಓಡಾಡು. ಏನು ತಪ್ಪಿದೆ ಅಂತ ನಿನ್ನ ಕೈಯೇ ಹೇಳುತ್ತದೆ, ತಿದ್ದುವುದಕ್ಕೆ ಖರ್ಚೂ ಇಲ್ಲ.

ಅಸಲು ಡಬ್ಬಿಯನ್ನು ಯಾವುದರಲ್ಲಿ ಮಾಡಬೇಕು ಅನ್ನುವುದನ್ನು ಬಿಸಿಲೇ ತೀರ್ಮಾನಿಸುತ್ತದೆ. ಸ್ನೇಹಿತನ ಹತ್ತಿರ ತ್ರೀಡಿ ಪ್ರಿಂಟರ್ ಇದೆ, ಮುದ್ರಿಸಿಬಿಡುತ್ತೇನೆ ಅಂದೆಯಲ್ಲ. ಮುದ್ರಿಸು, ಆದರೆ ಅವನು ಮಾಮೂಲಾಗಿ ಬಳಸುವ ಪಿಎಲ್‌ಎ ಬೇಡ. ಅದು 60 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಒಂದು ಮಧ್ಯಾಹ್ನ ಗಾಡಿ ಬಿಸಿಲಿಗೆ ನಿಂತರೆ ಡಬ್ಬಿ ಸೊಟ್ಟಗಾಗಿ ಬಾಯಿಂದ ಹೊರಗೆ ಬರುತ್ತದೆ. ಪಿಇಟಿಜಿ ಸುಮಾರು 80ರವರೆಗೆ ತಾಳುತ್ತದೆ, ಒಳಗಡೆ ನೆರಳಿನಲ್ಲಿರುವ ಡಬ್ಬಿಗೆ ಆಗಬಹುದು. ಎಬಿಎಸ್ ಅಥವಾ ಎಎಸ್‌ಎ ನೂರು ಡಿಗ್ರಿಯ ಸುತ್ತಮುತ್ತ ತಾಳುತ್ತವೆ. ನನ್ನ ಮಾತು ಕೇಳುವುದಾದರೆ ಎಬಿಎಸ್ ಹಾಳೆ ತಂದು, ಕೊಯ್ದು, ಅಂಟಿಸಿ ಮಾಡು. ಎಂಡಿಎಫ್ ಬೇಡ, ಮಳೆಗಾಲದ ತೇವ ಕುಡಿದು ಉಬ್ಬುತ್ತದೆ. ತೇಗದ ಹಲಗೆಯೂ ಬೇಡ. ನೋಡುವುದಕ್ಕೆ ಚೆಂದ, ಪೆಟ್ಟು ಬಿದ್ದಾಗ ಸೀಳಿ ಚೂಪು ಚೂಪಾಗಿ ನಿಲ್ಲುತ್ತದೆ.

ಫೈಬರಿನಲ್ಲಿ ಎರಕ ಹಾಕಬೇಕು ಅನ್ನುವ ಆಸೆಯೂ ನಿನಗಿದೆ ಅಂತ ಗೊತ್ತು. ಬಾಗು ಇರುವ ಕೆಲಸಕ್ಕೆ ಅದನ್ನು ಮೀರಿದ್ದಿಲ್ಲ, ನಿಜ. ಆದರೆ ಚೌಕ ಡಬ್ಬಿಗೆ ಅದು ಅನಗತ್ಯ. ಮಾಡಿಯೇ ತೀರುತ್ತೇನೆ ಅಂದರೆ ಗಾಡಿಯ ಒಳಗೆ ಮಾಡಬೇಡ, ಎರಕದ ಅಚ್ಚನ್ನು ಹೊರಗೆ ತಂದು, ಗಾಳಿ ಆಡುವ ಜಾಗದಲ್ಲಿ, ಕನ್ನಡಕ, ಕೈಗವಸು, ಮಾಸ್ಕು ಹಾಕಿಕೊಂಡು ಮಾಡು. ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ನೂರಕ್ಕೆ ಒಂದೆರಡು ಪಾಲು ಮಾತ್ರ. ಅದರ ಒಂದು ಹನಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು. ಕೋಬಾಲ್ಟ್ ಅಂತ ಇನ್ನೊಂದು ಬಾಟಲಿ ಕೊಟ್ಟರೆ ಅದನ್ನೂ ಹಾರ್ಡನರನ್ನೂ ನೇರವಾಗಿ ಯಾವತ್ತೂ ಬೆರೆಸಬೇಡ, ಬೆಂಕಿ ಹತ್ತಿ ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿದ ಮೇಲೇ ಹಾರ್ಡನರಿನ ಸರದಿ. ಒಣಗಿದ್ದನ್ನು ಉಜ್ಜುವಾಗ ಏಳುವ ಗಾಜಿನ ಪುಡಿ ಚರ್ಮಕ್ಕೆ ತುರಿಕೆ, ಶ್ವಾಸಕ್ಕೆ ಕೇಡು. ಮನೆಯಲ್ಲಿ ನಿನ್ನ ಅಕ್ಕನ ಮಗು ತೆವಳಾಡುವ ಜಾಗದಲ್ಲಂತೂ ಈ ಕೆಲಸ ಇಟ್ಟುಕೊಳ್ಳಬೇಡ.

ಅಂಟಿನ ಬಗ್ಗೆ ಹುಡುಗರಿಗೆ ಅತಿಯಾದ ನಂಬಿಕೆ. ಬಿಚ್ಚಿದ ಪ್ಯಾನೆಲಿನ ಬೆನ್ನು ತಿರುಗಿಸಿ ನೋಡು, ಯಾವ ಪ್ಲಾಸ್ಟಿಕ್ಕು ಅಂತ ಚಿಕ್ಕ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಪಿಪಿ ಅಂತ ಇದ್ದರೆ ಅದು ಪಾಲಿಪ್ರೊಪಿಲೀನು. ಮಾಮೂಲು ಅಂಟು ಯಾವುದೂ ಅದನ್ನು ಹಿಡಿಯುವುದಿಲ್ಲ. ಅಂಟಿಸಿದ ದಿನ ಗಟ್ಟಿಯಾಗಿರುತ್ತದೆ, ಬೇಸಿಗೆಯಲ್ಲಿ ಸಿಪ್ಪೆಯಾಗಿ ಎದ್ದು ಬರುತ್ತದೆ. ಎಬಿಎಸ್ ಅಂತ ಇದ್ದರೆ ಚಿಂತೆಯಿಲ್ಲ. ಗ್ಲೂ ಗನ್ನಿನ ಮೇಣವನ್ನು ಗಾಡಿಯ ಒಳಗೆ ತರಲೇಬೇಡ. ಫೋಮಿನ ಡಬಲ್ ಸೈಡ್ ಟೇಪಿನಲ್ಲಿ ಒಳ್ಳೆಯ ಜಾತಿಯದು ಬಳಸುವುದಾದರೆ ಎರಡೂ ಮೈಯನ್ನು ಐಸೊಪ್ರೊಪೈಲ್ ಸ್ಪಿರಿಟ್ಟಿನಿಂದ ಒರೆಸಿ ಒತ್ತಿಡು, ಮೂರು ದಿನ ಭಾರ ಹಾಕಬೇಡ. ಪೂರ್ತಿ ಬಿಗಿ ಬರುವುದಕ್ಕೆ ಅಷ್ಟು ಹೊತ್ತು ಬೇಕು. ಇವೆಲ್ಲಕ್ಕಿಂತ ಒಳ್ಳೆಯದು ಸ್ಟೀರಿಯೊ ನಿಲ್ಲಿಸುವುದಕ್ಕೆ ಕಂಪನಿಯವನೇ ಕೊಟ್ಟಿರುವ ಪಟ್ಟಿ, ಸ್ಕ್ರೂ ತೂತುಗಳು. ಡಬ್ಬಿಯ ಎರಡೂ ಪಕ್ಕಕ್ಕೆ ಅದೇ ಅಳತೆಯಲ್ಲಿ ತೂತು ಹಾಕಿ ಅಲ್ಲಿಗೇ ಬಿಗಿ. ಗಾಡಿಗೆ ಹೊಸ ತೂತು ಒಂದೂ ಬೀಳುವುದಿಲ್ಲ, ಬೇಡವಾದ ದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಮೊದಲಿನಂತೆ.

ಇದು ಕಾನೂನಿಗೂ ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಎತ್ತಿ ಹಿಡಿದು, ತಯಾರಕನ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಅಂತ ಬಂದಿದೆ. ಸ್ಟೀರಿಯೊ ಬಾಯಲ್ಲಿ ಕೂತ, ಬಿಚ್ಚಿ ತೆಗೆಯಬಹುದಾದ ಡಬ್ಬಿಯಿಂದ ಆರ್‌ಸಿಯಲ್ಲಿ ಬರೆದಿರುವ ಯಾವ ವಿವರವೂ ಬದಲಾಗುವುದಿಲ್ಲ. ತೊಲೆ ಕೊಯ್ದು, ಏರ್‌ಬ್ಯಾಗ್ ತೆಗೆದು ಮಾಡಿದ ಜಾಗಕ್ಕೆ ಪೊಲೀಸರಿಗೂ ಇನ್ಶೂರೆನ್ಸಿನವರಿಗೂ ನೀನು ಕೊಡುವ ಉತ್ತರ ಏನೂ ಇರುವುದಿಲ್ಲ.

ಚಾರ್ಜರ್ ವೈರನ್ನು ಡಬ್ಬಿಯೊಳಗೆ ತರುವುದಾದರೆ ಫ್ಯೂಸ್ ಇಲ್ಲದೆ ತರಬೇಡ. ಕೈಗೆ ಸಿಕ್ಕಿದ ವೈರಿನ ಸಿಪ್ಪೆ ಸುಲಿದು, ಸುತ್ತಿ, ಇನ್ಸುಲೇಶನ್ ಟೇಪು ಹೊಡೆಯುವುದು ನಮ್ಮಲ್ಲಿ ರೂಢಿ. ಆ ಟೇಪಿನ ಅಂಟು ಬಿಸಿಗೆ ಕರಗಿ ಬಿಚ್ಚಿಕೊಳ್ಳುತ್ತದೆ, ಬರಿ ತಾಮ್ರ ಕಬ್ಬಿಣಕ್ಕೆ ತಾಗುತ್ತದೆ. ಫ್ಯೂಸ್ ಪೆಟ್ಟಿಗೆಯಲ್ಲೇ ಕೂರಿಸುವ ಕವಲು ಫ್ಯೂಸ್ ಹೋಲ್ಡರ್ ಸಿಗುತ್ತದೆ. ಕೀ ತೆಗೆದಾಗ ವಿದ್ಯುತ್ತು ನಿಲ್ಲುವ ಸಾಲಿಗೆ ಅದನ್ನು ಹಾಕಿ, 5 ಆಂಪಿಯರ್ ಫ್ಯೂಸ್ ಇಟ್ಟರೆ ಎರಡು ಫೋನಿಗೆ ಸಾಕು. ಇದೊಂದನ್ನು ಆಟೊ ಎಲೆಕ್ಟ್ರಿಶಿಯನ್ ಕೈಯಲ್ಲಿ ಮಾಡಿಸು, ನೀನು ಪಕ್ಕದಲ್ಲಿ ನಿಂತು ಕಲಿತುಕೋ. ಚಾರ್ಜ್ ಆಗುವ ಫೋನು ಬಿಸಿಯಾಗುತ್ತದೆ, ಡಬ್ಬಿಯ ಹಿಂದಿನ ಗೋಡೆಯಲ್ಲಿ ಗಾಳಿಗೆ ನಾಲ್ಕಾರು ತೂತು ಬಿಡು.

ಕೊನೆಯ ಕೈಗೆಲಸದಲ್ಲಿ ಆತುರ ಬೇಡ. ಡಬ್ಬಿಯ ತಳ ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಮುಂದೆ 10 ಮಿಲಿಮೀಟರ್ ಎತ್ತರದ ತುಟಿ ಬಿಡು. ಏರು ಹತ್ತುವಾಗಲೂ ಹಠಾತ್ತನೆ ಹೊರಟಾಗಲೂ ಫೋನು ಮಡಿಲಿಗೆ ಜಾರುವುದಿಲ್ಲ. ಎಲ್ಲ ಅಂಚನ್ನೂ ಅರದಿಂದ ಉಜ್ಜಿ, ಎಮರಿ ಕಾಗದದಿಂದ ನಯ ಮಾಡಿ, ಕಣ್ಣು ಮುಚ್ಚಿಕೊಂಡು ಬೆರಳಾಡಿಸು. ಎಲ್ಲೂ ಗೀರಬಾರದು. ಒಳಗೆ ಫೆಲ್ಟು ಅಂಟಿಸು, ನಾಲ್ಕು ಗೋಡೆಗೂ. ಬರೀ ತಳಕ್ಕೆ ಹಾಕಿದರೆ ಕನ್ನಡಕದ ಕಡ್ಡಿ ಪಕ್ಕದ ಗೋಡೆಗೆ ಬಡಿದು ಟಕಟಕ ಅನ್ನುತ್ತಲೇ ಇರುತ್ತದೆ. ಡಬ್ಬಿಯ ಹೊರಮೈ ಡ್ಯಾಶಿಗೆ ತಾಗುವ ಕಡೆಯಲ್ಲೂ ಫೆಲ್ಟಿನ ಪಟ್ಟಿ ಹಾಕು, ಕಿರಗುಟ್ಟುವುದು ನಿಲ್ಲುತ್ತದೆ. ಬಣ್ಣ ಹೊಳಪಿಲ್ಲದ ಕಪ್ಪು ಅಥವಾ ಡ್ಯಾಶಿನದೇ ಬೂದು. ಮಿರಮಿರ ಮಿಂಚುವ ಪಿಯಾನೊ ಕಪ್ಪು, ಕ್ರೋಮು ಹಾಕಿಸಿದರೆ ಸೂರ್ಯ ನೇರ ನಿನ್ನ ಕಣ್ಣಿಗೆ ಹೊಡೆಯುತ್ತಾನೆ. ಮುಚ್ಚಳ ಬೇಕೇ ಅಂದರೆ, ನನಗೆ ಬೇಡ ಅನ್ನಿಸುತ್ತದೆ. ಕೈ ಮಾಡಬೇಕಾದ ಕೆಲಸ ಎರಡಾಗುತ್ತದೆ. ಕಳ್ಳರ ಭಯವಿದ್ದರೆ ಇಳಿಯುವಾಗ ಸಾಮಾನು ತೆಗೆದುಕೊಂಡು ಇಳಿ, ಮುಚ್ಚಳ ಯಾರನ್ನೂ ತಡೆಯುವುದಿಲ್ಲ.

ಕೂರಿಸಿದ ಮೇಲೆ ಕೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಾ. ಅದಿರು ಲಾರಿ ಓಡಾಡುವ ರಸ್ತೆಗಳು ನಿಮ್ಮ ಸುತ್ತ ಬೇಕಾದಷ್ಟಿವೆ. ತಿಂಗಳ ನಂತರ ಸ್ಕ್ರೂ ಸಡಿಲವಾಗಿದೆಯೇ ನೋಡಿ ಮತ್ತೊಮ್ಮೆ ಬಿಗಿ ಮಾಡು. ತೆಗೆದ ಮೂಲ ಪಟ್ಟಿ, ಕ್ಲಿಪ್ಪುಗಳನ್ನು ಎಸೆಯದೆ ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಗಾಡಿಯ ನಂಬರ್ ಬರೆದು ಅಟ್ಟದ ಮೇಲಿಡು. ಮಾರುವ ದಿನ ಕೊಳ್ಳುವವರು ಸ್ಟೀರಿಯೊ ಹಾಕಿಸಬೇಕು ಅನ್ನಬಹುದು.

ಫೆಲ್ಟನ್ನು ಬಳ್ಳಾರಿಯಲ್ಲಿ ಕೊಳ್ಳಬೇಡ, ತೆಳ್ಳನೆಯದು ಕೊಟ್ಟುಬಿಡುತ್ತಾರೆ. ಬಾಯಿಯ ಅಗಲ, ಎತ್ತರ, ಕೊಳವೆ ತಾಗುವವರೆಗಿನ ಆಳ ಮೂರನ್ನೂ ಮಿಲಿಮೀಟರಿನಲ್ಲಿ ಅಳೆದು ತಿಳಿಸು. ಎರಡು ಮಿಲಿಮೀಟರ್ ದಪ್ಪದ ಕಪ್ಪು ಫೆಲ್ಟು ಕೊಯ್ದು, ಜೊತೆಗೆ ಒಂದು ಮೀಟುಗೋಲು ಇಟ್ಟು, ಈ ಶನಿವಾರ ಬಳ್ಳಾರಿ ಬಸ್ಸಿನಲ್ಲಿ ಪಾರ್ಸೆಲ್ ಹಾಕಿಸುತ್ತೇನೆ.

ನಿನ್ನ ದೊಡ್ಡಪ್ಪ